ಲವಂಗದೆಣ್ಣೆಯ ಗುಡ್ಡಕ್ಕೆ ಬಾಲ, ಮೆಟ್ಟಿಲು, ಎರಡು ತಲೆ

ಲ್ಯಾಬಿನಲ್ಲಿ ಕೆಲಸ ಮಾಡುವವರು ನಗುವುದೇ ಇಲ್ಲ ಎಂದು ಹೊರಗಿನವರು ತಿಳಿದಿರುತ್ತಾರೆ. ನಮ್ಮಲ್ಲಿ ವಾರಕ್ಕೊಂದಾದರೂ ನಗುವ ಪ್ರಸಂಗ ನಡೆಯುತ್ತದೆ. ಯಂತ್ರ ಸುಮ್ಮನಿದ್ದರೆ ಮನುಷ್ಯರು ಏನಾದರೂ ಮಾಡುತ್ತಾರೆ, ಮನುಷ್ಯರು ಸುಮ್ಮನಿದ್ದರೆ ಯಂತ್ರ ಮಾಡುತ್ತದೆ. ನಾನು ಇದುವರೆಗೆ ಬರೆದದ್ದೆಲ್ಲ ವರದಿಗಳೇ. ಅವುಗಳಲ್ಲಿ ವಾಕ್ಯ ಕಡಿಮೆ, ಅಂಕಿ ಜಾಸ್ತಿ. ಹಾಗಾಗಿ ಎಷ್ಟು ವಿವರಿಸಿದರೆ ಸಾಕು ಎನ್ನುವುದು ನನಗೆ ಇನ್ನೂ ತಿಳಿಯದು. ಎಲ್ಲವನ್ನೂ ವಿವರಿಸಿಬಿಡುತ್ತೇನೆ. ಗೊತ್ತಿದ್ದವರು ಆ ಸಾಲುಗಳನ್ನು ದಾಟಿಕೊಂಡು ಮುಂದೆ ಹೋಗಬಹುದು, ನನಗೆ ಬೇಸರವಿಲ್ಲ. ಇಲ್ಲಿರುವುದೆಲ್ಲ ಒಂದೇ ವಾರದಲ್ಲಿ, ಒಂದೇ ಒಂದು ಬಾಟಲಿ ಲವಂಗದೆಣ್ಣೆಯ ಸುತ್ತ ನಡೆದದ್ದು.

೧. ಗುಡ್ಡ ಕಾಯುವ ಕೆಲಸ

ಧಾರವಾಡದ ಲಕಮನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಕಬ್ಬಿಣ ಕೊಯ್ಯುವ ಎರಡು ಶೆಡ್ಡುಗಳ ನಡುವೆ ನಮ್ಮ ಲ್ಯಾಬ್ ಇದೆ. ಜನ ಎಣ್ಣೆ, ಮಸಾಲೆ, ಅತ್ತರು ತಂದು ಕೊಡುತ್ತಾರೆ. ಅದರಲ್ಲಿ ಏನೇನಿದೆ ಎಂದು ನಾವು ಹೇಳುತ್ತೇವೆ. ನಾವು ಅಂದರೆ ನಮ್ಮ ಮೇಡಂ ಮತ್ತು ನಾನು. ನಮಗೆ ಹೇಳುವುದು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರ. ಹೆಸರು ಉದ್ದವಾಯಿತು, ಯಂತ್ರ ಎಂದೇ ಕರೆಯೋಣ.

ಅದು ಕೆಲಸ ಮಾಡುವುದು ಹೀಗೆ. ಕೂದಲಿಗಿಂತ ಸ್ವಲ್ಪ ದಪ್ಪನೆಯ ಒಂದು ಕೊಳವೆ ಇದೆ. ಮೂವತ್ತು ಮೀಟರ್ ಉದ್ದ. ಹೆಂಗಸರು ಕೊಡದ ಕೆಳಗೆ ತಲೆಯ ಮೇಲಿಡುವ ಸಿಂಬಿಯ ಹಾಗೆ ಅದನ್ನು ಸುತ್ತಿ ಒಂದು ಬಿಸಿ ಪೆಟ್ಟಿಗೆಯೊಳಗೆ ತೂಗುಹಾಕಿರುತ್ತಾರೆ. ಅದಕ್ಕೆ ಕಾಲಮ್ ಎನ್ನುತ್ತಾರೆ. ಅದರ ಒಂದು ತುದಿ ಯಂತ್ರದ ಬಾಯಿಯಲ್ಲಿ, ಇನ್ನೊಂದು ತುದಿ ಒಳಗಿನ ಪುಟ್ಟ ಜ್ವಾಲೆಯಲ್ಲಿ. ಬಾಯಿಗೆ ಸೂಜಿಯಿಂದ ಒಂದು ಹನಿಗಿಂತಲೂ ಕಡಿಮೆ ಎಣ್ಣೆ ಚುಚ್ಚಿದರೆ ಅದು ಆವಿಯಾಗುತ್ತದೆ. ಕೊಳವೆಯಲ್ಲಿ ಸದಾ ಬೀಸುವ ಗಾಳಿ ಆ ಆವಿಯನ್ನು ಮುಂದೆ ತಳ್ಳುತ್ತದೆ. ಒಂದು ದಿಬ್ಬಣ ನಡೆದುಕೊಂಡು ಹೊರಟಿದೆ ಎಂದುಕೊಳ್ಳಿ. ಗಂಡಸರು ಚಹಾದಂಗಡಿಗೆ ನಿಲ್ಲುತ್ತಾರೆ, ಹೆಂಗಸರು ಬಳೆ ಅಂಗಡಿಗೆ ನಿಲ್ಲುತ್ತಾರೆ, ಹುಡುಗರು ಎಲ್ಲಿಯೂ ನಿಲ್ಲದೆ ಓಡುತ್ತಾರೆ. ಒಟ್ಟಿಗೆ ಹೊರಟವರು ಕೊನೆಗೆ ಗುಂಪು ಗುಂಪಾಗಿ ಬೇರೆ ಬೇರೆ ಹೊತ್ತಿಗೆ ತಲುಪುತ್ತಾರೆ. ಎಣ್ಣೆಯಲ್ಲಿರುವ ಪದಾರ್ಥಗಳೂ ಹಾಗೆಯೇ. ಒಂದೊಂದು ಗುಂಪು ಜ್ವಾಲೆ ಮುಟ್ಟಿದಾಗ ಪರದೆಯ ಮೇಲಿನ ಗೆರೆ ಮೇಲೇರಿ ಇಳಿಯುತ್ತದೆ. ಅದನ್ನು ಪೀಕ್ ಎನ್ನುತ್ತಾರೆ. ನನಗೆ ಅದು ಮೊದಲ ದಿನದಿಂದಲೂ ಗುಡ್ಡ.

ಮಧ್ಯಾಹ್ನ ಪಕ್ಕದ ಶೆಡ್ಡಿನವರು ಊಟ ಮಾಡಿ ಅಡ್ಡಾಗುತ್ತಾರೆ. ಕಬ್ಬಿಣದ ಸದ್ದು ನಿಂತು ಯಂತ್ರದ ಉಸಿರು ಮಾತ್ರ ಕೇಳಿಸುತ್ತದೆ. ಪರದೆಯ ಮೇಲೆ ಗೆರೆ ನಮ್ಮೂರ ಎರೆ ಹೊಲದಂತೆ ಸಪಾಟಾಗಿ ಹೋಗುತ್ತಿರುತ್ತದೆ. ನೋಡುತ್ತ ನೋಡುತ್ತ ನಾನೂ ಆ ಕೊಳವೆಯೊಳಗೆ ನಡೆಯುತ್ತಿರುವಂತೆ, ಸುತ್ತಿ ಸುತ್ತಿ ಬೆಚ್ಚಗಿನ ಗಾಳಿಯಲ್ಲಿ ತೇಲುತ್ತಿರುವಂತೆ ಆಗುತ್ತದೆ. ಆಮೇಲೆ, ಯಾರೂ ಕರೆಯದೆ, ದೂರದಲ್ಲಿ ಒಂದು ಗುಡ್ಡ ಏಳುತ್ತದೆ.

ಅಂಥದೊಂದು ಹೊತ್ತಿನಲ್ಲಿ ಶಿರಗುಪ್ಪಿಯಿಂದ ಅವ್ವ ಫೋನ್ ಮಾಡಿದಳು.

"ಏನ್ ಮಾಡಾಕತ್ತಿ?"

"ಗುಡ್ಡ ನೋಡಾಕತ್ತೇನಿ ಯವ್ವಾ. ಇನ್ನೂ ಬಂದಿಲ್ಲ, ಬರತೈತಿ."

"ದಿನಾ ಇದನ್ನ ಮಾಡ್ತಿಯೇನು?"

"ಹೂಂ."

"ಇದಕ್ಕ ಪಗಾರ ಕೊಡ್ತಾರೇನು?"

"ಕೊಡ್ತಾರ."

"ನಿಮ್ಮಪ್ಪ ನಲವತ್ತು ವರ್ಷ ಜ್ವಾಳದ ಹೊಲದಾಗ ಹಕ್ಕಿ ಕಾದ. ಒಬ್ಬರೂ ಒಂದು ರೂಪಾಯಿ ಕೊಡ್ಲಿಲ್ಲ ನೋಡು" ಎಂದು ಫೋನ್ ಇಟ್ಟಳು.

೨. ಊಟ ಮುಗಿದರೂ ಏಳದ ಬೀಗರು

ಮಂಗಳವಾರ ಬೆಳಿಗ್ಗೆ ಹುಬ್ಬಳ್ಳಿಯಿಂದ ಅತ್ತರಿನ ಕಾಕಾ ಬಂದರು. ಹುಬ್ಬಳ್ಳಿಯ ಪೇಟೆಯಲ್ಲಿ ಅವರದು ಒಂದು ಸಣ್ಣ ಅಂಗಡಿ, ಅಜ್ಜನ ಕಾಲದ್ದು. ಅತ್ತರು, ಊದಿನಕಡ್ಡಿ, ಔಷಧಿಯ ಎಣ್ಣೆಗಳು. ಬಿಳಿ ಗಡ್ಡ, ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ. ಅವರು ಬಾಗಿಲಿಗೆ ಬರುವ ಮೊದಲೇ ಖಸ್‌ನ ಅಂದರೆ ಲಾವಂಚದ ವಾಸನೆ ಒಳಗೆ ಬಂದು ಕುಳಿತಿತ್ತು. ಕೈಯಲ್ಲಿ ರುಮಾಲು ಸುತ್ತಿದ ಒಂದು ಬಾಟಲಿ.

ಅವರ ಕಷ್ಟ ಇಷ್ಟು. ಹುಬ್ಬಳ್ಳಿಯಲ್ಲೇ ಹಲ್ಲುಪುಡಿ ಮಾಡುವ ಒಬ್ಬ ಸಾಹುಕಾರರಿಗೆ ಇಪ್ಪತ್ತಾರು ವರ್ಷಗಳಿಂದ ಲವಂಗದೆಣ್ಣೆ ಕೊಡುವವರು ಇವರೇ. ಯಾರೋ ಪೇಟೆಯಲ್ಲಿ ಸಾಹುಕಾರರ ಕಿವಿ ಊದಿದ್ದರು, ಕಾಕಾನ ಎಣ್ಣೆಯಲ್ಲಿ ಬೆರಕೆ ಇದೆ ಎಂದು. ಬರುವ ಸೋಮವಾರ ಹಲ್ಲುಪುಡಿಯ ಹೊಸ ಸರಕು ಕಲಸುವುದಿತ್ತು. ಅಷ್ಟರೊಳಗೆ ಲ್ಯಾಬಿನ ಕಾಗದ ತಂದು ತೋರಿಸಬೇಕು, ಇಲ್ಲವಾದರೆ ಎಣ್ಣೆ ಬೇರೆಯವರಿಂದ ಎಂದು ಸಾಹುಕಾರರು ಹೇಳಿದ್ದರು.

"ಗಿರಾಕಿ ಹೋದ್ರ ಇನ್ನೊಬ್ಬ ಬರ್ತಾನ ಬೇಟಿ" ಎಂದರು ಕಾಕಾ. "ಇಪ್ಪತ್ತಾರು ವರ್ಷ ಭಾಯಿ ಅಂದಾವ ಬೆರಕಿ ಅಂತ ತಿಳಕೊಂಡು ಹೋದ್ರ, ನಾಳೆ ಪ್ಯಾಟ್ಯಾಗ ನಾ ಹ್ಯಾಂಗ ಅಡ್ಡಾಡ್ಲಿ?"

ಬಾಟಲಿ ಇಟ್ಟು ಹೋಗಿ, ಫೋನ್ ಮಾಡುತ್ತೇವೆ ಎಂದರು ಮೇಡಂ. ಕಾಕಾ ಹೋಗಲಿಲ್ಲ. "ನನ್ನ ಇಜ್ಜತ್ತು ಈ ಬಾಟ್ಲ್ಯಾಗೈತ್ರಿ. ಇದನ್ನ ಬಿಟ್ಟು ನಾ ಒಬ್ಬನ ಹ್ಯಾಂಗ ಹೋಗ್ಲಿ?" ಎಂದು ಕುರ್ಚಿ ಎಳೆದುಕೊಂಡು ನನ್ನ ಹಿಂದೆ ಕುಳಿತರು.

ಇಲ್ಲೊಂದು ಮಾತು ಹೇಳಲೇಬೇಕು. ಒಳ್ಳೆಯ ಲವಂಗದೆಣ್ಣೆಯಲ್ಲಿ ದೊಡ್ಡ ಗುಡ್ಡ ಒಂದೇ. ಅದರ ಹಿಂದೆ ಒಂದೆರಡು ಸಣ್ಣ ದಿಬ್ಬಗಳಿರುತ್ತವೆ, ಅವು ಲವಂಗದ ಜೊತೆಗೇ ಹುಟ್ಟಿದವು, ತಪ್ಪಲ್ಲ. ಬೆರಕೆ ಇದ್ದರೆ ಮಾತ್ರ ಬೇರೆ ಗುಡ್ಡ ಬರುತ್ತದೆ. ಗುಡ್ಡದ ಎಡಬಲ ಇಳಿಜಾರು ಒಂದೇ ತರಹ ಇರಬೇಕು. ಇದನ್ನೆಲ್ಲ ಕಾಕಾನಿಗೆ ಹೇಳಿ, ಎಣ್ಣೆಯನ್ನು ಶುದ್ಧ ದ್ರಾವಕದಲ್ಲಿ ತೆಳುಮಾಡಿ ಚುಚ್ಚಿದೆ. ಬಿಸಿ ಬಾಯಿಗೆ ಸೂಜಿ ತಾಗಿದ್ದೇ ತಡ, ಲವಂಗದ ವಾಸನೆ ಕೋಣೆಯ ತುಂಬ ಹಬ್ಬಿತು. ಇಬ್ಬರೂ ಪರದೆ ನೋಡುತ್ತ ಕುಳಿತೆವು. ಗುಡ್ಡ ಎದ್ದಿತು. ಏರು ಚೆನ್ನಾಗಿತ್ತು. ಇಳಿಜಾರು ಮಾತ್ರ ಮುಗಿಯಲೇ ಇಲ್ಲ. ಇಳಿಯುತ್ತ, ಇಳಿಯುತ್ತ, ನಿದ್ದೆಗಣ್ಣಿನಲ್ಲಿ ಇಳಿಯುವವರ ಹಾಗೆ ದೂರದವರೆಗೆ ಹೋಯಿತು.

"ಇದೇನ್ ಬೇಟಿ, ಹಲ್ಲಿ ಹಂಗ ಬಾಲ ಬಂತು?"

ಎಣ್ಣೆಯ ತಪ್ಪಲ್ಲ ಎಂದೆ. ಯಂತ್ರದ ಬಾಯಿಯಲ್ಲಿ ಲೈನರ್ ಎಂಬ ಗಾಜಿನ ಸಣ್ಣ ಕೊಳವೆ ಇರುತ್ತದೆ. ಎಣ್ಣೆ ಆವಿಯಾಗುವುದು ಅದರಲ್ಲಿ. ಹಿಂದಿನ ವಾರ ಯಾರದೋ ಮಸಾಲೆಯ ಜಿಡ್ಡು ಅದಕ್ಕೆ ಹತ್ತಿಕೊಂಡಿತ್ತು. ಲವಂಗದ ಆವಿಯಲ್ಲಿ ಮುಕ್ಕಾಲು ಪಾಲು ಮುಂದೆ ಹೋಗುತ್ತದೆ, ಉಳಿದದ್ದು ಆ ಜಿಡ್ಡಿಗೆ ಅಂಟಿಕೊಂಡು, ಸ್ವಲ್ಪ ಸ್ವಲ್ಪವೇ ಬಿಡಿಸಿಕೊಂಡು ತಡವಾಗಿ ಬರುತ್ತದೆ. ಅದೇ ಬಾಲ.

ಕಾಕಾ ಗಡ್ಡ ನೀವಿಕೊಂಡು ಯೋಚಿಸಿದರು. "ತಿಳೀತು ತಿಳೀತು. ಊಟ ಆತು, ಎಲಿ ಅಡಕಿ ಆತು, ಎಲ್ಲಾರೂ ಎದ್ದು ಹೋದ್ರು. ನಾಕ್ ಮಂದಿ ಬೀಗರು ಮಾತ್ರ ಲೋಡ್ ದಿಂಬಿಗೆ ಆತಗೊಂಡು ಇನ್ನೂ ಕುಂತಾರ. ಹೌದಿಲ್ಲೋ?"

ಹೌದು ಎಂದೆ.

"ಹಂಗಾರ ಬೀಗರನ್ನ ಎಬ್ಬಸಬ್ಯಾಡ ಬೇಟಿ, ಜಗಳ ಆಕ್ಕೈತಿ. ಲೋಡ್ ತಗದುಬಿಡು."

ಲೈನರ್ ಬದಲಾಯಿಸುವುದನ್ನು ಇಷ್ಟು ಚೆನ್ನಾಗಿ ನನಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ.

೩. ಚಪ್ಪಲಿಯ ಪ್ರಶ್ನೆ

ಇದು ಸಣ್ಣ ಪ್ರಸಂಗ. ಬುಧವಾರ ಹೊಸ ಲೈನರ್ ಹಾಕಿ ಮತ್ತೆ ಚುಚ್ಚಿದೆ. ಬಾಲ ಬಹಳ ಕಡಿಮೆಯಾಗಿತ್ತು. ಆದರೆ ಗುಡ್ಡದ ಎರಡೂ ಬದಿಗೆ ಮೆಟ್ಟಿಲು ಬಿದ್ದಿದ್ದವು. ನಿಜವಾದ ಮೆಟ್ಟಿಲು, ಕಲ್ಲು ಕಡಿದು ಕೂರಿಸಿದ ಹಾಗೆ.

ಇದಕ್ಕೆ ಕಾರಣ ನಾನೇ. ಪರದೆಯ ಗೆರೆಯನ್ನು ಯಂತ್ರ ಒಂದೇ ಏಟಿಗೆ ಎಳೆಯುವುದಿಲ್ಲ. ಜ್ವಾಲೆಯಲ್ಲಿ ಎಷ್ಟು ಉರಿಯುತ್ತಿದೆ ಎಂದು ಸೆಕೆಂಡಿಗೆ ಹಲವು ಸಲ ಅಳೆದು, ಒಂದೊಂದು ಅಳತೆಗೆ ಒಂದೊಂದು ಚುಕ್ಕಿ ಇಟ್ಟು, ರಂಗೋಲಿಯಂತೆ ಚುಕ್ಕಿ ಸೇರಿಸುತ್ತದೆ. ಹಿಂದಿನ ಸಂಜೆ ಬೇರೊಂದು ಕೆಲಸಕ್ಕಾಗಿ ನಾನು ಅದನ್ನು ಮೂರು ಸೆಕೆಂಡಿಗೆ ಒಂದೇ ಚುಕ್ಕಿ ಇಡುವಂತೆ ಮಾಡಿ, ತಿರುಗಿ ಬದಲಾಯಿಸುವುದನ್ನು ಮರೆತಿದ್ದೆ. ಗುಡ್ಡ ಏರಿ ಇಳಿಯುವ ಅಷ್ಟರಲ್ಲಿ ಯಂತ್ರಕ್ಕೆ ಐದಾರು ಚುಕ್ಕಿ ಮಾತ್ರ ಸಿಕ್ಕಿದ್ದವು. ಅಷ್ಟು ಕಡಿಮೆ ಚುಕ್ಕಿಗೆ ಯಾವ ರಂಗೋಲಿಯೂ ದುಂಡಗಾಗುವುದಿಲ್ಲ.

ಮೇಡಂ ಬಂದು ನೋಡಿದರು. ಅವರು ಧಾರವಾಡದವರು. ಬೈಯುವುದೂ ಹಾಡಿನ ಹಾಗೇ ಇರುತ್ತದೆ. "ಎಷ್ಟು ಚಂದ ಕನಸು ಕಾಣ್ತೀಯಲ್ಲ ನೀನು. ಯಂತ್ರಕ್ಕೂ ಕಲಿಸಿಬಿಟ್ಟಿ ನೋಡು. ಅದೂ ಮೂರು ಸೆಕೆಂಡಿಗೊಮ್ಮೆ ಕಣ್ಣು ತಗೀಲಿಕ್ಕತ್ತದ."

ನಾನು ತಲೆ ತಗ್ಗಿಸಿ ಚುಕ್ಕಿಯ ಲೆಕ್ಕ ಸರಿಮಾಡಿದೆ. ಅಂದೂ ಬೆಳಿಗ್ಗೆಯೇ ಬಂದು ಕುಳಿತಿದ್ದ ಕಾಕಾ ಮಾತ್ರ ಪರದೆಯ ಹತ್ತಿರ ಬಾಗಿ ಬಹಳ ಭಕ್ತಿಯಿಂದ ಆ ಮೆಟ್ಟಿಲುಗಳನ್ನು ನೋಡುತ್ತಿದ್ದರು.

"ಮ್ಯಾಲೆ ದರ್ಗಾ ಐತೋ, ಗುಡಿ ಐತೋ?" ಎಂದು ಕೇಳಿದರು. "ಯಾವದಿದ್ರೂ ಇಲ್ಲೇ ಚಪ್ಪಲಿ ಬಿಟ್ಟು ಹತ್ತಬೇಕಾಕ್ಕೈತೇನೋ."

೪. ಹಣೆಯಿಂದ ತೆಗೆದ ಟಿಕಳಿ

ಗುರುವಾರದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಉಳಿದಿದ್ದ ಅಷ್ಟಿಷ್ಟು ಬಾಲವನ್ನೂ ತೆಗೆಯಬೇಕೆಂದು ಕಾಲಮ್ಮಿನ ಮುಂದಿನ ತುದಿಯನ್ನು ಒಂದು ಗೇಣು ಕತ್ತರಿಸಿ ತೆಗೆಯುವುದೆಂದು ನಿರ್ಧರಿಸಿದೆ. ಜಿಡ್ಡು ಅಲ್ಲಿಯೂ ಕುಳಿತಿರುತ್ತದೆ. ಇದು ಎಲ್ಲರೂ ಮಾಡುವ ಕೆಲಸ. ಕತ್ತರಿಸಿದ ಮೇಲೆ ತುದಿಯನ್ನು ಮತ್ತೆ ಯಂತ್ರದ ಬಾಯಿಗೆ ಕೂರಿಸಬೇಕು. ಎಷ್ಟು ಒಳಗೆ ಹೋಗಬೇಕು ಎನ್ನುವುದಕ್ಕೆ ಖಚಿತ ಅಳತೆ ಇದೆ. ಒಂದೆರಡು ಅಕ್ಕಿ ಕಾಳಿನಷ್ಟು ಹೆಚ್ಚು ಕಡಿಮೆಯಾದರೂ ಆವಿಗೆ ದಾರಿ ತಪ್ಪುತ್ತದೆ. ಅಳತೆ ಕಾಣಲಿ ಎಂದು ಕೊಳವೆಯ ಮೇಲೆ ವೈಟ್ನರಿನಿಂದ ಒಂದು ಗುರುತು ಹಾಕಿಕೊಂಡು, ಆ ಗುರುತಿನವರೆಗೆ ತೂರಿಸಿ ತಿರುಪು ಬಿಗಿಯುತ್ತೇವೆ.

ಅಂದು ವೈಟ್ನರ್ ಒಣಗಿ ಕಲ್ಲಾಗಿತ್ತು. ಹಿಂದೆ ಕಾಕಾ ಕುಳಿತು ನೋಡುತ್ತಿದ್ದಾರೆ. ಸೋಮವಾರ ಹತ್ತಿರ ಬರುತ್ತಿದೆ. ನಾನು ಹಣೆಯ ಮೇಲಿನ ಟಿಕಳಿ ತೆಗೆದು ಗುರುತಿನ ಜಾಗಕ್ಕೆ ಅಂಟಿಸಿದೆ. ಸಣ್ಣದು, ಕೆಂಪು, ದೂರದಿಂದ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಗುರುತು ಇನ್ನೇನು ಬೇಕು ಎನ್ನಿಸಿತು. ಮನಸ್ಸಿನಲ್ಲೇ ಬೆನ್ನು ಚಪ್ಪರಿಸಿಕೊಂಡೆ.

ಊಟದ ಹೊತ್ತಿಗೆ ಪೆಟ್ಟಿಗೆ ಬಿಸಿಯಾಯಿತು. ಚುಚ್ಚಿದೆ. ಪರದೆಯಲ್ಲಿ ದೊಡ್ಡ ಗುಡ್ಡ ಬರುವ ಜಾಗವನ್ನು ಮಾತ್ರ ಹಿಗ್ಗಿಸಿ ಇಟ್ಟುಕೊಂಡೆ. ಶೆಡ್ಡಿನ ಸದ್ದು ನಿಂತಿತ್ತು. ಲವಂಗದ ವಾಸನೆ ಮಂಪರಿನಂತೆ ಕವಿದಿತ್ತು. ಗೆರೆ ನಿಧಾನವಾಗಿ ಏರಿತು, ತುದಿ ಮುಟ್ಟಿತು, ಸ್ವಲ್ಪ ಇಳಿಯಿತು, ತಿರುಗಿ ಏರಿತು. ಒಂದೇ ಗುಡ್ಡಕ್ಕೆ ಎರಡು ತಲೆ. ಎರಡು ಡುಬ್ಬದ ಒಂಟೆಯ ಬೆನ್ನಿನ ಹಾಗೆ.

ಕಾಕಾ ಈ ಮೂರು ದಿನದಲ್ಲಿ ಸಾಕಷ್ಟು ಕಲಿತುಬಿಟ್ಟಿದ್ದರು. ನಾನು ಏನೂ ಹೇಳುವ ಮೊದಲೇ ಅವರಿಗೆ ಅರ್ಥವಾಯಿತು. ಎರಡು ತಲೆ ಎಂದರೆ ಎರಡು ಪದಾರ್ಥ. ಎರಡು ಪದಾರ್ಥ ಎಂದರೆ ಬೆರಕೆ.

"ಕೇರಳದಾಗ ಈ ಎಣ್ಣಿ ಇಳಸಿ ಕಳಸಾವ ನನ್ನ ದೋಸ್ತ" ಎಂದರು ಸಣ್ಣ ದನಿಯಲ್ಲಿ. "ನನ್ನ ಮಗಳ ಲಗ್ನಕ್ಕ ಬಂದು ಪಂಗತ್ಯಾಗ ಬಡಿಸ್ಯಾನ. ಅವನ…" ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗಿನ ಕಲ್ಲಿನ ಮೇಲೆ ಕುಳಿತರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಯಾವಾಗಲೂ ನೆಟ್ಟಗಿರುವ ಬೆನ್ನು ಅವತ್ತು ಬಾಗಿತ್ತು.

ನಾನು ಪರದೆ ನೋಡುತ್ತ ಕುಳಿತೆ. ಕುಳಿತಲ್ಲೇ ಮನಸ್ಸು ಕೊಳವೆಯೊಳಗೆ ಇಳಿಯಿತು. ದಿಬ್ಬಣದ ಜೊತೆ ಹೊರಟಂತೆ, ಬಾಗಿಲಲ್ಲೇ ಅರ್ಧ ಜನ ಮುಂದೆ, ಅರ್ಧ ಜನ ಯಾವುದೋ ಮೂಲೆಯಲ್ಲಿ ಸಿಕ್ಕಿಕೊಂಡು ಹಿಂದೆ ಉಳಿದಂತೆ. ಬಾಗಿಲಲ್ಲೇ ಗದ್ದಲವಾದರೆ ಬರಿ ಗಂಡಸರಿಗೆ ಆಗುವುದಿಲ್ಲವಲ್ಲ, ಹೆಂಗಸರಿಗೂ ಆಗಬೇಕು, ಹುಡುಗರಿಗೂ ಆಗಬೇಕು. ಈ ಯೋಚನೆ ಬಂದದ್ದೇ ಕೈ ತಾನಾಗಿ ಪರದೆಯನ್ನು ಹಿಂದಕ್ಕೆ ಸರಿಸಿತು. ಎಲ್ಲಕ್ಕಿಂತ ಮೊದಲು ಬರುವುದು ದ್ರಾವಕದ ಗುಡ್ಡ. ದ್ರಾವಕ ಎಂದರೆ ಎಣ್ಣೆ ತೆಳುಮಾಡಲು ನಾವೇ ಸೀಲು ಒಡೆದು ಹಾಕಿದ ದ್ರವ. ಅದಕ್ಕೂ ಎರಡು ತಲೆ! ಹಿಂದಿನ ಸಣ್ಣ ದಿಬ್ಬಗಳಿಗೂ ಎರಡೆರಡು ತಲೆ! ಮದುವೆ ಫೋಟೋದಲ್ಲಿ ಒಬ್ಬನಿಗೆ ಎರಡು ಮೂಗಿದ್ದರೆ ಅವನಿಗೇನೋ ಆಗಿದೆ ಎನ್ನಬಹುದು. ಎಲ್ಲರಿಗೂ ಎರಡೆರಡು ಮೂಗಿದ್ದರೆ ತಪ್ಪು ಕ್ಯಾಮೆರಾದ್ದು.

ಯಂತ್ರ ಆರಿಸಿ, ತಣ್ಣಗಾದ ಮೇಲೆ ಮೇಡಂ ಮತ್ತು ನಾನು ತಿರುಪು ಬಿಚ್ಚಿದೆವು. ಬೆಳಿಗ್ಗೆಯಿಂದ ಬೆವರಿದ ಹಣೆಯ ಮೇಲಿದ್ದ ಟಿಕಳಿ. ಅದರ ಅಂಟು ಯಾವಾಗಲೋ ಹೋಗಿತ್ತು. ನಾನು ಕೊಳವೆ ತೂರಿಸುವಾಗ ಅದು ಮೆಲ್ಲಗೆ ತುದಿಯಿಂದ ಹಿಂದಕ್ಕೆ ಜಾರಿತ್ತು. ಕೊಳವೆ ಎಷ್ಟೋ ಹೆಚ್ಚು ಒಳಗೆ ಹೋಗಿ ಕುಳಿತಿತ್ತು.

ಮೇಡಂ ಟಿಕಳಿಯನ್ನು ಉಗುರಿನ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಖಾಲಿ ಹಣೆ ನೋಡಿದರು.

"ಯಂತ್ರಕ್ಕ ಕುಂಕುಮ ಹಚ್ಚೋದು ಆಯುಧ ಪೂಜಾಕ್ಕ ಅಷ್ಟ" ಎಂದರು. "ಇನ್ನೂ ಟೈಮ್ ಅದ."

೫. ಕೇರಳಕ್ಕೆ ಹೋದ ಫೋನು

ತಪ್ಪು ನನ್ನದು ಎಂದು ಕಾಕಾನಿಗೆ ನಾನೇ ಹೋಗಿ ಹೇಳಬೇಕಿತ್ತು. ಬೇವಿನ ಗಿಡದವರೆಗಿನ ಇಪ್ಪತ್ತು ಹೆಜ್ಜೆ ಆ ಮೂವತ್ತು ಮೀಟರ್ ಕೊಳವೆಗಿಂತ ಉದ್ದವಾಗಿತ್ತು.

"ಕಾಕಾ, ತಪ್ಪಾತ್ರಿ. ಎಣ್ಣ್ಯಾಗ ಎರಡು ತಲಿ ಇಲ್ರಿ. ನಾ ಕೊಳವಿ ತಪ್ಪ ಕೂಡಿಸಿದ್ದೆ. ಎಣ್ಣಿ ಛಲೋ ಐತಿ ಅಂತ ಈಗ ಹೇಳಂಗಿಲ್ಲ, ತಿರಗಿ ನೋಡಬೇಕು. ಆದ್ರ ಆ ಎರಡು ತಲಿ ಮಾತ್ರ ನಂದು."

ಬೈಯುತ್ತಾರೆ ಎಂದುಕೊಂಡಿದ್ದೆ. ಕಾಕಾನ ಮುಖಕ್ಕೆ ಮೊದಲು ಬಂದದ್ದು ಸಂತೋಷವಲ್ಲ, ಗಾಬರಿ.

"ಹಾಯ್ ಅಲ್ಲಾ! ಎರಡು ತಾಸು ಇಲ್ಲೇ ಕುಂತು ಆ ಕೇರಳದವಗ ಮನಸಿನ್ಯಾಗ ಬೈದೇನಿ ಬೇಟಿ. ಅವನಿಗಷ್ಟ ಅಲ್ಲ, ಅವರಪ್ಪಗೂ ಬೈದೇನಿ. ಸತ್ತು ಎಷ್ಟೋ ವರ್ಷ ಆತು, ಭಾಳ ಒಳ್ಳೆ ಮನಿಶಾ. ಈಗ ಅವನ್ನೆಲ್ಲ ಹ್ಯಾಂಗ ವಾಪಸ್ ತೊಗೊಳ್ಳಿ?"

"ಮನಸಿನ್ಯಾಗ ಬೈದಿದ್ದು ಅವರಿಗೆ ಹ್ಯಾಂಗ ಗೊತ್ತಾಕ್ಕೈತ್ರಿ, ಬಿಡ್ರಿ" ಎಂದೆ.

"ನನಗ ಗೊತ್ತೈತಲ್ಲ!"

ಅಲ್ಲೇ ಫೋನ್ ತೆಗೆದು ಕೇರಳಕ್ಕೆ ಹಚ್ಚಿದರು. ಅವರಿಬ್ಬರ ಮಾತು ಹಿಂದಿಯಲ್ಲಿ ನಡೆಯುತ್ತದೆ, ನಾನು ಕನ್ನಡದಲ್ಲೇ ಹೇಳುತ್ತೇನೆ. "ದೋಸ್ತ, ನನ್ನನ್ನ ಮಾಫ್ ಮಾಡು" ಎಂದು ಶುರುಮಾಡಿದರು. ಆ ಕಡೆಯವರು ಯಾಕೆ ಎಂದು ಕೇಳಿರಬೇಕು. "ಯಾಕ ಅಂತ ಕೇಳಬ್ಯಾಡ. ಒಮ್ಮೆ ಮಾಫ್ ಅಂದುಬಿಡು. ನಿಮ್ಮಪ್ಪನ ಪರವಾಗಿನೂ ಒಮ್ಮೆ ಅನ್ನು." ಕಾಕಾನ ಕಣ್ಣಲ್ಲಿ ನೀರು. ಆ ಕಡೆಯ ದನಿ ಜೋರಾಯಿತು, ನನಗೂ ಕೇಳಿಸುವಷ್ಟು. ಕಾಕಾ ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು.

"ಯಾವ ದವಾಖಾನ್ಯಾಗ ಅದೀ, ಡಾಕ್ಟರ್ ಏನಂದ್ರು, ನಾ ಬರೋತನಕ ಜೀವ ಹಿಡಕೋ, ಈಗ ಟ್ರೇನ್ ಹತ್ತೇನಿ ಅನ್ನಾಕತ್ತಾನ. ಏನ್ ಹೇಳ್ಲಿ ಬೇಟಿ?"

೬. ಸೂಜಿ ಮತ್ತು ಆನೆ

ಶುಕ್ರವಾರ ಮೇಡಂ ತಾವೇ ನಿಂತು, ಹೊಸ ವೈಟ್ನರ್ ತರಿಸಿ, ನನ್ನ ಕೈಯಿಂದಲೇ ಕಾಲಮ್ ಕೂರಿಸಿದರು. ಕಾಕಾ ಜುಮ್ಮಾ ನಮಾಜು ಮುಗಿಸಿ ಬಂದ ಮೇಲೆ ಚುಚ್ಚಿದೆ. ಗೆರೆ ಎಷ್ಟೋ ಹೊತ್ತು ಸಪಾಟಾಗಿ ಹೋಯಿತು. ಆಮೇಲೆ ಒಮ್ಮೆಲೇ, ಯಾರೋ ನಿದ್ದೆಯಿಂದ ಎದ್ದು ನಿಂತಂತೆ, ನೆಟ್ಟಗೆ ಮೇಲೆ ಹೋಗಿ ನೆಟ್ಟಗೆ ಕೆಳಗಿಳಿಯಿತು. ಬಾಲವಿಲ್ಲ, ಮೆಟ್ಟಿಲಿಲ್ಲ, ಎರಡನೇ ತಲೆಯಿಲ್ಲ. ಖಾತ್ರಿಗೆ ಇನ್ನೂ ಎರಡು ಸಲ ಚುಚ್ಚಿದೆ. ಅದೇ ಗುಡ್ಡ, ಅದೇ ಜಾಗ. ಅಷ್ಟು ಚೆಲುವಾದ ಗುಡ್ಡವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಎಣ್ಣೆಯಲ್ಲಿ ಬೆರಕೆ ಇಲ್ಲ ಎಂದು ಮೇಡಂ ಸಹಿ ಮಾಡಿದರು. ಕಾಕಾ ಆ ಕಾಗದವನ್ನು ರುಮಾಲಿನಲ್ಲಿ ಸುತ್ತಿಕೊಂಡು ಹೋದರು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಶನಿವಾರ ಬೆಳಿಗ್ಗೆ ಹಲ್ಲುಪುಡಿಯ ಸಾಹುಕಾರರೇ ಬಂದರು. ಹಣೆಯ ತುಂಬ ವಿಭೂತಿ, ಬಿಳಿ ಧೋತರ, ಒಂದು ಕೈಯಲ್ಲಿ ನಮ್ಮ ವರದಿ, ಇನ್ನೊಂದು ಕೈಯಲ್ಲಿ ಮೊಬೈಲು. ಹಿಂದೆ ಮುಖ ಬಾಡಿಸಿಕೊಂಡ ಕಾಕಾ.

ಆಗ ತಿಳಿದದ್ದು ಇದು. ಮಂಗಳವಾರ, ಆ ಬಾಲದ ಗುಡ್ಡ ಬಂದಿತ್ತಲ್ಲ, ಅದರ ಫೋಟೋವನ್ನು ಕಾಕಾ ನನಗೆ ಗೊತ್ತಿಲ್ಲದೆ ಹೊಡೆದು, "ನೋಡ್ರಿ, ಗುಡ್ಡ ಒಂದ ಐತಿ" ಎಂದು ಸಾಹುಕಾರರಿಗೆ ಕಳಿಸಿಬಿಟ್ಟಿದ್ದರು.

ಸಾಹುಕಾರರು ಆ ಫೋಟೋವನ್ನೂ ವರದಿಯಲ್ಲಿದ್ದ ಗುಡ್ಡದ ಚಿತ್ರವನ್ನೂ ಮೇಡಂನ ಮುಂದೆ ಇಟ್ಟರು. "ಮಂಗಳವಾರ ನೋಡ್ರಿ, ಆನಿ ಮಲಗಿದಂಗ ಎಷ್ಟ್ ದಪ್ಪ ಇತ್ತು. ಶುಕ್ರವಾರ ಸೂಜಿ ಆಗೇತಿ. ಮೂರು ದಿನದಾಗ ಇಷ್ಟು ಎಣ್ಣಿ ಎಲ್ಲಿ ಹೋತ್ರಿ? ತೆಳ್ಳಗ ಮಾಡಿ ಕೊಟ್ಟಾನ ಇಂವ."

ಮೇಡಂ ತಾಳ್ಮೆಯಿಂದ ವಿವರಿಸಿದರು. ಎಣ್ಣೆ ಎಷ್ಟಿದೆ ಎನ್ನುವುದು ಗುಡ್ಡದ ದಪ್ಪದಲ್ಲಿ ಇಲ್ಲ, ಎತ್ತರದಲ್ಲೂ ಇಲ್ಲ, ಅದು ಮುಚ್ಚಿಕೊಂಡ ಒಟ್ಟು ಜಾಗದಲ್ಲಿದೆ. ಕಣದಲ್ಲಿ ಜೋಳ ಹರವಿದರೆ ಅಗಲ, ಕೂಡಿಸಿದರೆ ಎತ್ತರ, ಆದರೆ ಜೋಳ ಅಷ್ಟೇ. ಮೊದಲು ಯಂತ್ರದ ಜಿಡ್ಡಿನಿಂದ ಗುಡ್ಡ ಹರವಿಕೊಂಡಿತ್ತು, ಈಗ ಕೂಡಿದೆ.

"ರಾಶಿ ವಿಷಯ ನನಗ ಹೇಳಬ್ಯಾಡ್ರಿ ತಾಯಿ" ಎಂದರು ಸಾಹುಕಾರರು. "ನಮ್ಮಪ್ಪ ಕಾಳಿನ ವ್ಯಾಪಾರ ಮಾಡಿದಾವ. ಹರವಿದ ರಾಶಿ ಕಣ್ಣಿಗೆ ಕಾಣತೈತಿ. ಎತ್ತರದ ರಾಶಿ ನೋಡಿದ್ರ ತಳಕ್ಕ ಹೊಟ್ಟು ಐತಿ ಅಂತ ತಿಳಕೋ ಅಂತಿದ್ದ."

ಕಾಕಾನಿಗೆ ತಡೆಯಲಾಗಲಿಲ್ಲ. "ಭಾಯಿ, ಮಿನಾರ ತೆಳ್ಳಗ ಇರತೈತಿ. ಅಂದ್ರೂ ಬಾಂಗ್ ಊರಿಗೆಲ್ಲ ಕೇಳಸ್ತೈತೋ ಇಲ್ಲೋ?"

"ಅದು ಮೈಕಿನಿಂದ!"

ಅರ್ಧ ತಾಸು ಹೀಗೇ ನಡೆಯಿತು. ನಾನು ಜಾಗದ ಅಂಕಿ ತೋರಿಸಿದೆ. ಮಂಗಳವಾರದ್ದು, ಶುಕ್ರವಾರದ್ದು ಹತ್ತಿರ ಹತ್ತಿರ ಒಂದೇ. ಸಾಹುಕಾರರು ಅಂಕಿ ನೋಡಲೇ ಇಲ್ಲ. ಅವರ ಕಣ್ಣು ಆ ಸೂಜಿಯ ಮೇಲೇ ಇತ್ತು. ಕೊನೆಗೆ ಕಾಕಾ ಎದ್ದು ನಿಂತರು.

"ಇಪ್ಪತ್ತಾರು ವರ್ಷ ಕಾಗದ ಕೇಳಲಿಲ್ಲ ನೀವು, ನಾನೂ ಕೊಡಲಿಲ್ಲ. ಈಗ ಕೇಳಿದ್ರಿ, ಕೊಟ್ಟೆ. ಕಾಗದಾನೂ ನಂಬಲಿಲ್ಲ. ಇನ್ನ ಉಳದಿದ್ದು ಒಂದ. ಹೊರಗ ಬರ್ರಿ."

ಲ್ಯಾಬಿನೊಳಗೆ ಏನನ್ನೂ ಬಾಯಿಗೆ ಹಾಕಬಾರದೆಂಬ ನಿಯಮವಿದೆ. ಅದಕ್ಕೇ ಹೊರಗೆ, ಇದನ್ನು ನಾನು ಖಂಡಿತ ಹೇಳಲೇಬೇಕು. ಎಲ್ಲರೂ ಬೇವಿನ ಗಿಡದ ಕೆಳಗೆ ಹೋದೆವು. ಕಾಕಾ ತಮ್ಮ ಬಾಟಲಿಯಲ್ಲಿ ಒಂದು ಕಡ್ಡಿ ಅದ್ದಿ ಮುಂದೆ ಹಿಡಿದರು. "ನಾಲಿಗಿ ಮ್ಯಾಲೆ ಒರಸ್ಕೋರಿ. ತೆಳ್ಳಗೈತೋ ದಪ್ಪೈತೋ ನೀವ ಹೇಳ್ರಿ."

"ಇಷ್ಟಕ್ಕ ಹೆದರಾವಲ್ಲ ನಾ" ಎಂದು ಸಾಹುಕಾರರು ಕಡ್ಡಿಯನ್ನು ನಾಲಿಗೆಯ ಮೇಲೆ ಒಂದು ಸಲದ ಬದಲು ಎರಡು ಸಲ ಎಳೆದುಕೊಂಡರು. "ನೋಡ್ರಿ, ಏನೂ ಆಗಲಿಲ್ಲ. ನಾ ಮೊದಲ ಹೇಳಿದ್ನಿ, ಇದರಾಗ ದಮ್ಮ…"

ಮಾತು ಅಲ್ಲಿಗೆ ನಿಂತಿತು. ಮೊದಲು ಕಣ್ಣಲ್ಲಿ ನೀರು ಬಂತು. ಆಮೇಲೆ ಕಿವಿ ಕೆಂಪಾದವು. ಆಮೇಲೆ ಅವರು ಮಾತಾಡಲು ನೋಡಿದರು, ನಾಲಿಗೆ ಹೊರಳಲಿಲ್ಲ. ಅದು ಬಾಯಲ್ಲಿ ಇದೆಯೋ ಇಲ್ಲವೋ ಎಂದು ಬೆರಳು ಹಾಕಿ ಮುಟ್ಟಿ ನೋಡಿಕೊಂಡರು. ನಾನು ನೀರು ತರಲು ಓಡಿದೆ.

ಕಾಕಾ ಅಲುಗಾಡದೆ ಎದುರಿಗೇ ನಿಂತಿದ್ದರು. "ಭಾಯಿ, ಎಣ್ಣಿ ತೆಳ್ಳಗೈತೇನು?"

ಸಾಹುಕಾರರು ಇಲ್ಲ ಎಂದು ತಲೆ ಆಡಿಸಿದರು.

"ಬೆರಕಿ ಐತೇನು?"

ಇನ್ನೂ ಜೋರಾಗಿ ಇಲ್ಲ ಎಂದು ತಲೆ ಆಡಿಸಿದರು.

"ನಾ ಯಾರು?"

ಸಾಹುಕಾರರು ಮುಂದೆ ಬಂದು, ಬಾಯಿಂದ ಜೊಲ್ಲು ಸೋರುತ್ತಿದ್ದರೂ ಲೆಕ್ಕಿಸದೆ, ಎರಡೂ ಕೈಯಿಂದ ಅವರನ್ನು ತಬ್ಬಿಕೊಂಡರು. ಕಾಕಾ ರುಮಾಲು ತೆಗೆದು ಮೊದಲು ಸಾಹುಕಾರರ ಬಾಯಿ ಒರೆಸಿದರು, ಆಮೇಲೆ ತಮ್ಮ ಕಣ್ಣು.

ಮೇಡಂ ನನ್ನ ಕಿವಿಯಲ್ಲಿ, "ನಾಲ್ಕು ದಿವಸ ಯಂತ್ರ ಓಡಿಸಿದ್ವಿ, ಒಂದು ಕಡ್ಡಿ ಸಾಕಿತ್ತಂತ" ಎಂದರು.

ನೀರು ಕುಡಿದರೂ ಸಾಹುಕಾರರಿಗೆ ಮಾತು ಬರಲಿಲ್ಲ. ಆದರೆ ಏನೋ ಹೇಳುವುದಿತ್ತು. ಕೈಸನ್ನೆ ಮಾಡಿ ಮೇಡಂನ ಪೆನ್ನು ಇಸಿದುಕೊಂಡು, ನಮ್ಮ ವರದಿಯನ್ನು ಗಿಡದ ಬೊಡ್ಡೆಗೆ ಒತ್ತಿ ಹಿಡಿದು, ಅದರ ಬೆನ್ನಿಗೆ ನಿಧಾನವಾಗಿ, ದುಂಡಗೆ ಬರೆದು ನನ್ನ ಕೈಗೆ ಕೊಟ್ಟರು. ನಾನು ಎಲ್ಲರಿಗೂ ಕೇಳುವಂತೆ ಓದಿದೆ:

"ಎಣ್ಣಿ ಖರೇ ಐತಿ. ಸೋಮವಾರ ಕಳಸ್ರಿ. ಡಬ್ಬಿ ಮ್ಯಾಲೆ ಮಾತ್ರ ಆ ಮಂಗಳವಾರದ ಆನೀನ ಛಾಪಿಸ್ತೇನಿ. ಹಲ್ಲ್ ನೋವಿದ್ದಾವ್ರಿಗೆ ಸೂಜಿ ಚಿತ್ರ ತೋರಿಸಿದ್ರ ಯಾರ್ ಹತ್ರ ಬರ್ತಾರ್ರಿ?"